ಆರನೆಯ ಸಾಲು

ಬೇಸಿಗೆಯ ಬುಧವಾರಗಳಂದು ಆರ್ಲನ್ ಟ್ವೈಟ್ ನೆಲದ ಕೆಳಗೆ ನಡೆಯುತ್ತಿದ್ದ. ಜನವರಿಯ ಹಿಮಗಾಳಿಗೆ ಹೆದರಿ ವಿಶ್ವವಿದ್ಯಾಲಯದವರು ಕಟ್ಟಡದಿಂದ ಕಟ್ಟಡಕ್ಕೆ ತೋಡಿಸಿದ ಸುರಂಗದಾರಿ ಅದು. ಆಗಸ್ಟ್‌ನಲ್ಲಿ ಅಲ್ಲಿ ಕಾಲಿಡುವವರು ನೀರಿನ ಪೈಪು ರಿಪೇರಿಯವರು ಮತ್ತು ಅವನು, ಇಷ್ಟೇ. ಗೋಡೆಯ ಹಳದಿ ಬಣ್ಣ, ತಲೆಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು, ತನ್ನದೇ ಬೂಟಿನ ಸದ್ದು ತನಗಿಂತ ಅರ್ಧ ಹೆಜ್ಜೆ ತಡವಾಗಿ ಹಿಂಬಾಲಿಸುವುದು. ಕೇಳಿದವರಿಗೆಲ್ಲ ಬಿಸಿಲಿಗೆ ತಲೆನೋವು ಬರುತ್ತದೆ ಎಂದು ಹೇಳಿದ್ದ. ಹೇಳಿ ಹೇಳಿ ಈಗ ನಿಜವಾಗಿಯೂ ಬರುತ್ತಿತ್ತು. ಮೇಲೆ, ಸರಿಯಾಗಿ ಅವನ ತಲೆಯ ಮೇಲೆ, ಚೌಕದಲ್ಲಿ ವಾರದ ಸಂತೆ ನಡೆಯುತ್ತಿರುತ್ತದೆ. ಎಡಗಡೆಯಿಂದ ನಾಲ್ಕನೆಯ ಮೇಜು ಸೇಂಟ್ ಪಾಲ್‌ನ ಲೋರ್ ಮನೆಯವರದು. ಸಬ್ಬಸಿಗೆ, ಕೊತ್ತಂಬರಿ, ಬೆರಳುದ್ದದ ಸೌತೆಕಾಯಿ. ಮೇಜಿನ ಹಿಂದೆ ತಾಯಿ, ಬೇಸಿಗೆ ರಜೆಯಲ್ಲಿ ಪಕ್ಕದಲ್ಲಿ ಮಗಳು. ಆ ಮಗಳ ಮುಖ ನೋಡಬೇಕಾಗದಿರಲೆಂದು ಆರು ಬೇಸಿಗೆಗಳಿಂದ ಆರ್ಲನ್ ಅವರ ಕಾಲಡಿಯಲ್ಲೇ ಹಾದುಹೋಗುತ್ತಿದ್ದ, ಒಂದು ದಿನ ಕಾಂಕ್ರೀಟು ಪಾರದರ್ಶಕವಾಗಿಬಿಟ್ಟರೆ ಏನು ಗತಿ ಎಂದು ಯೋಚಿಸುತ್ತ.

ಪ್ರಯೋಗಾಲಯದಲ್ಲಿ ಕ್ಲೆಮ್ ರಡ್ ಕಾಫಿ ಯಂತ್ರದ ಮುಂದೆ ನಿಂತಿದ್ದ. ಸಾಮಾನು ಸರಂಜಾಮಿನ ಉಸ್ತುವಾರಿ ಅವನದು, ವಯಸ್ಸು ಅರವತ್ತು ದಾಟಿದೆ, ಎಲ್ಲರ ಗುಟ್ಟೂ ಗೊತ್ತು. “ಏನಪ್ಪಾ, ಇವತ್ತೂ ಹೆಗ್ಗಣದ ದಾರೀಲೇ ಬಂದ್ಯಾ?” ಎಂದ. ಆರ್ಲನ್ ನಕ್ಕ ಹಾಗೆ ಮಾಡಿದ. ಕ್ಲೆಮ್‌ನ ಬೆನ್ನ ಹಿಂದಿನ ಫ್ರಿಜ್ಜಿನ ಬಾಗಿಲಿಗೆ ಆ ಪಟ್ಟಿ ಅಂಟಿತ್ತು. ಇಲ್ಲಿಯ ಪದ್ಧತಿ ಅದು: ವಾರದಲ್ಲಿ ಯಾರು ತಪ್ಪು ಮಾಡುತ್ತಾರೋ, ಫ್ರೀಜರಿನ ಬಾಗಿಲು ತೆರೆದಿಟ್ಟವರು, ಸೀಸೆ ಒಡೆದವರು, ಲೇಬಲ್ ಅದಲುಬದಲು ಮಾಡಿದವರು, ಅವರು ಬುಧವಾರ ಮೂರು ಗಂಟೆಯ ಸಭೆಗೆ ಒಂದು ತಟ್ಟೆ ಬಾರ್ ಎಂಬ ಸಿಹಿ ಮಾಡಿ ತರಬೇಕು. ರೂಬಾರ್ಬ್ ಎಂಬ ಹುಳಿದಂಟಿನದೋ ಚಾಕೊಲೇಟಿನದೋ, ಚೌಕ ಚೌಕವಾಗಿ ಕೊಯ್ದು. ತಂದವರ ಹೆಸರನ್ನು ಕ್ಲೆಮ್ ಪಟ್ಟಿಗೆ ಸೇರಿಸುತ್ತಾನೆ, ತಪ್ಪು ಮುಗಿಯಿತು, ಅದರ ಮಾತು ಮತ್ತೆ ಎತ್ತುವಂತಿಲ್ಲ. ಪಟ್ಟಿಯಲ್ಲಿ ಎಲ್ಲರ ಹೆಸರೂ ಇತ್ತು, ಪ್ರೊಫೆಸರ್ ಲೆನೋರ್ ಹಾಫ್‌ಮಾರ್ಕ್ ಅವರದು ಎರಡು ಸಲ. ಹನ್ನೊಂದು ವರ್ಷಗಳಲ್ಲಿ ಆರ್ಲನ್‌ನ ಹೆಸರು ಒಮ್ಮೆಯೂ ಇರಲಿಲ್ಲ. ಅದನ್ನು ಕ್ಲೆಮ್ ಹೊಸಬರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ. ಆಗೆಲ್ಲ ಆರ್ಲನ್ ಕಣ್ಣು ಬೇರೆ ಕಡೆ ತಿರುಗಿಸುವುದನ್ನು ಅವರು ವಿನಯ ಎಂದುಕೊಳ್ಳುತ್ತಿದ್ದರು.

ಮೇಜಿಗೆ ಬಂದು ಕಂಪ್ಯೂಟರ್ ತೆರೆದರೆ ಮೊದಲು ಕಂಡದ್ದು ಸರ್ವರ್ ನೋಡಿಕೊಳ್ಳುವವರ ಪತ್ರ. ಜಾಗ ಸಾಲದು, ಐದು ವರ್ಷಕ್ಕಿಂತ ಹಳೆಯ ಫೋಲ್ಡರುಗಳು ಇಂದು ಸಂಜೆ ಐದು ಗಂಟೆಗೆ ಅಳಿಸಿಹೋಗುತ್ತವೆ, ಉಳಿಸಬೇಕಾದ್ದರ ಮುಂದೆ ಗುರುತು ಹಾಕಿ ಎಂದು. ಕೆಳಗೆ ನಲವತ್ತು ಹೆಸರು. ಮೂರನೆಯದು ಪಾನ್ಯಾ ಲೋರ್, ಆ ಮಗಳು, ಇಲ್ಲಿ ಡಾಕ್ಟರೇಟ್‌ಗೆ ದುಡಿದು ಹೋದವಳು. ಗುರುತು ಹಾಕಬೇಕಾಗಿಲ್ಲ, ಏನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು. ಸುಮ್ಮನೆ ಕೂರುವುದು ಅವನಿಗೆ ರೂಢಿಯಾದ ಕೆಲಸ. ಸಂಜೆ ಐದರ ನಂತರ ಅದರೊಳಗಿನ ಆ ಒಂದು ಸಾಲು ಈ ಲೋಕದಲ್ಲಿ ಎಲ್ಲೂ ಇರುವುದಿಲ್ಲ, ತನ್ನ ತಲೆಯೊಳಗೆ ಬಿಟ್ಟು. ತಲೆಯೊಳಗಿನದನ್ನು ಯಾರೂ ತೆರೆದು ನೋಡುವುದಿಲ್ಲ. ಹೀಗೆ ಯೋಚಿಸುವಾಗ ಎದೆಯಲ್ಲಿ ಒಂದು ತೆಳ್ಳನೆಯ ಹಗುರು ಹುಟ್ಟಿತು. ಆ ಹಗುರನ್ನು ಕಂಡು ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಫೋಲ್ಡರನ್ನು ತೆರೆದ.

ಅವನ ಕೆಲಸವನ್ನು ಒಂದು ಸಲ ಅವನ ತಂದೆಗೆ ವಿವರಿಸಬೇಕಾಗಿ ಬಂದಿತ್ತು, ಅವರಿದ್ದ ಆಸ್ಪತ್ರೆಯ ಕೋಣೆಯಲ್ಲಿ. ಡಿಎನ್‌ಎ ಅಂದರೆ ಉದ್ದದ ದಾರ ಅಂದುಕೋ ಅಪ್ಪ, ಪ್ರೋಟೀನು ಆ ದಾರದ ಕೆಲವು ಜಾಗಗಳಲ್ಲಿ ಕೂರುತ್ತದೆ. ಎಲ್ಲಿ ಕೂತಿದೆ ಎಂದು ತಿಳಿಯಲು ಹುಡುಗರು ಇಲಿಯಿಂದ ತೆಗೆದ ದಾರವನ್ನು ಚೂರು ಮಾಡಿ, ಪ್ರೋಟೀನು ಅಂಟಿದ ಚೂರುಗಳನ್ನಷ್ಟೇ ಎಳೆದು ತೆಗೆದು ಓದುತ್ತಾರೆ. ಒಂದು ಜಾಗದ ಚೂರುಗಳು ಗುಡ್ಡೆಯಾದರೆ ಅಲ್ಲಿ ಕೂತಿತ್ತು ಅಂತ. ಆದರೆ ಗುಡ್ಡೆಗಳು ಬೇರೆ ಕಾರಣಕ್ಕೂ ಆಗುತ್ತವೆ. ಅದಕ್ಕೆ ಏನನ್ನೂ ಎಳೆಯದ ಬರೀ ಚೂರುಗಳನ್ನೂ ಓದುತ್ತೇವೆ, ಅದು ಕಂಟ್ರೋಲ್, ನೆಲಮಟ್ಟ. ಪ್ರೋಗ್ರಾಮು ಎರಡನ್ನೂ ಹೋಲಿಸಿ, ನೆಲಕ್ಕಿಂತ ನಿಜವಾಗಿ ಎದ್ದದ್ದು ಯಾವುದು ಎಂದು ಪಟ್ಟಿ ಕೊಡುತ್ತದೆ. ಅವನ್ನು ಶಿಖರ ಅನ್ನುತ್ತೇವೆ. ಆ ಪಟ್ಟಿ ಓದುವುದು ನನ್ನ ಕೆಲಸ. ತಂದೆ, ನೆಲಮಟ್ಟ ತಪ್ಪಿದರೆ, ಎಂದು ಕೇಳಿದ್ದರು. ಜಮೀನಿನ ಅಳತೆ ಮಾಡಿ ಬದುಕಿದ್ದ ಮನುಷ್ಯ. ತಪ್ಪುವುದಿಲ್ಲ ಅಪ್ಪ ಎಂದು ಹೇಳಿ ಅವನು ಕಿಟಕಿಯ ಪರದೆ ಸರಿಸಿದ್ದ.

ಪ್ರೋಗ್ರಾಮು ಕೊಡುವ ಫೈಲುಗಳು ಕೆಲವೇ. ಒಂದು ಹತ್ತು ಕಾಲಮ್ಮಿನದು, ತಲೆಬರಹವೇ ಇಲ್ಲ, ಯಾವ ಕಾಲಂ ಏನು ಎಂದು ನೆನಪಿಟ್ಟವನಿಗೆ ಮಾತ್ರ ಮಾತಾಡುತ್ತದೆ. ಇನ್ನೊಂದು ಶಿಖರಗಳ ತುದಿಗಳನ್ನಷ್ಟೇ ಹೇಳುವುದು. ಮತ್ತೊಂದು ಹೆಸರಿಗೆ ಮಾತ್ರ ಎಕ್ಸೆಲ್, ತೆರೆದರೆ ಬರೀ ಅಕ್ಷರ ಅಂಕಿ. ಅದರ ನೆತ್ತಿಯ ಮೇಲೆ ಹ್ಯಾಷ್ ಗುರುತಿನಿಂದ ಶುರುವಾಗುವ ಇಪ್ಪತ್ತು ಇಪ್ಪತ್ತೈದು ಸಾಲು. ಪ್ರೋಗ್ರಾಮು ತನ್ನನ್ನು ಯಾರು ಹೇಗೆ ಓಡಿಸಿದರು, ಯಾವುದನ್ನು ಯಾವುದಕ್ಕೆ ಹೋಲಿಸಲು ಹೇಳಿದರು ಎಂದು ತಾನೇ ಬರೆದಿಟ್ಟುಕೊಳ್ಳುವ ಹೇಳಿಕೆ. ಅದನ್ನು ಯಾರೂ ಓದುವುದಿಲ್ಲ. ಮುಂದಿನ ಪ್ರೋಗ್ರಾಮುಗಳಿಗೂ ಆ ಸಾಲುಗಳನ್ನು ಹಾರಿಸು ಎಂದೇ ಹೇಳಿಕೊಡುತ್ತಾರೆ. ಪಾನ್ಯಾ ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ಅವನ ಮೇಜಿನ ಪಕ್ಕ ಬಂದು ನಿಂತಿದ್ದಳು. ಸಣ್ಣ ಆಳು, ದೊಡ್ಡ ಕನ್ನಡಕ, ಮಾತು ಎಣಿಸಿ ಆಡುವವಳು. ಬೆಳಗಿನ ಜಾವ ಎದ್ದು ತಾಯಿಯ ಜೊತೆ ಸೊಪ್ಪು ಕಟ್ಟಿ ಬರುತ್ತಿದ್ದಳು, ಅವಳ ಹೆಬ್ಬೆರಳು ತೋರುಬೆರಳಿನ ಉಗುರಂಚು ಸದಾ ಹಸಿರು. “ಆರ್ಲನ್, ಈ ಮೇಲಿನ ಸಾಲುಗಳು ಏನು? ಒಂದು ಸಲ ನೋಡ್ತೀರಾ?” ಎಂದು ಪರದೆಯ ಮೇಲೆ ಬೆರಳಿಟ್ಟಿದ್ದಳು. ಅವನಿಗೆ ಎಷ್ಟು ಸಂತೋಷವಾಗಿತ್ತು. ಅರ್ಧ ಗಂಟೆ ಹೇಳಿಕೊಟ್ಟ. ಹ್ಯಾಷ್ ಗುರುತು ಅಂದರೆ ಟಿಪ್ಪಣಿ, ಅದು ಯಂತ್ರಕ್ಕಲ್ಲ ಮನುಷ್ಯರಿಗೆ, ಮನುಷ್ಯರು ಓದುವುದಿಲ್ಲ, ಅಂದಮೇಲೆ ಯಾರಿಗೂ ಅಲ್ಲ ಅಂದುಕೋ, ಎಂದು ತಮಾಷೆ ಮಾಡಿದ. ಅವಳು ನಗಲಿಲ್ಲ, ತಲೆದೂಗಿದಳು. ಬೆರಳನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದಳು. ಹೋದಮೇಲೆ ಪರದೆ ಇದ್ದ ಕಡೆಯ ಗಾಳಿಯಲ್ಲಿ ಸಬ್ಬಸಿಗೆಯ ವಾಸನೆ ಇತ್ತು. ಒಳ್ಳೆಯ ಶಿಕ್ಷಕನಾಗಬಹುದಿತ್ತು ತಾನು ಎಂದು ಅವನಿಗೆ ಅವತ್ತು ಅನ್ನಿಸಿತ್ತು, ಮನೆಗೆ ಹೋಗಿ ಹೆಂಡತಿಗೆ ಹೇಳಿಯೂ ಇದ್ದ. ಆ ದಿನಗಳಲ್ಲಿ ಇನ್ನೂ ಹೆಂಡತಿಗೆ ಹೇಳುವಂಥ ಮಾತುಗಳಿದ್ದವು.

ಪಾನ್ಯಾಳ ಇಲಿಗಳ ಪಟ್ಟಿಯಲ್ಲಿ ಶಿಖರಗಳು ಎಂಟು ಸಾವಿರಕ್ಕೂ ಮೇಲೆ, ಹೆಚ್ಚುಕಡಿಮೆ ಎಲ್ಲ ಎಕ್ಸ್ ಕ್ರೋಮೋಸೋಮಿನ ಮೇಲೆ. ಲೆನೋರ್ ಬಹಳ ವರ್ಷಗಳಿಂದ ಊಹಿಸಿದ್ದು ಅದನ್ನೇ. ತಾವು ಹಿಡಿದಿದ್ದ ಪ್ರೋಟೀನು ಎಕ್ಸ್ ಅನ್ನೇ ಆರಿಸಿಕೊಂಡು ಏರುತ್ತದೆ ಎಂದು ಅವರು ಸಮ್ಮೇಳನಗಳಲ್ಲಿ ಹೇಳಿ ನಗೆಗೀಡಾಗಿದ್ದರು. ಪಟ್ಟಿ ಕಂಡ ದಿನ ಅವರು ಆರ್ಲನ್‌ನ ಭುಜ ಹಿಡಿದು ಅಲುಗಾಡಿಸಿದರು, ಕಣ್ಣು ಒದ್ದೆಯಾಗಿತ್ತು. ಆ ಒದ್ದೆ ಕಣ್ಣಿನ ಮುಂದೆ, ಏಳನೆಯ ಕಾಲಂ ನೋಡುತ್ತ, ಅವನಿಗೆ ಏನೋ ಒಂದು ಮುಜುಗರವಾಗಿದ್ದು ನಿಜ. ನೆಲಕ್ಕಿಂತ ಎಷ್ಟು ಪಟ್ಟು ಎತ್ತರ ಎಂದು ಹೇಳುವ ಕಾಲಂ ಅದು. ಎರಡು, ಎರಡೂಕಾಲು, ಎರಡು, ಎರಡೂವರೆ, ಎರಡು. ಪುಟಗಟ್ಟಲೆ ಹಾಗೇ. ಎಲ್ಲ ಬೆಟ್ಟಗಳೂ ಒಂದೇ ಎತ್ತರ ಇರುವ ದೇಶ ಯಾವುದು? ಯಾವುದೋ ಹಳೇ ಭೂಪಟ ನೋಡಿದಾಗ ಮಕ್ಕಳಿಗೆ ಬರುವಂಥ ಪ್ರಶ್ನೆ. ಅವನು ಅದನ್ನು ಕೇಳಿಕೊಳ್ಳಲಿಲ್ಲ. ಭುಜದ ಮೇಲೆ ಕೈ ಇತ್ತು.

ಪಾನ್ಯಾ ಹತ್ತು ಶಿಖರಗಳನ್ನು ಆರಿಸಿಕೊಂಡು ಪ್ರಯೋಗದ ಬೆಂಚಿನ ಮೇಲೆ ಕೈಯಾರೆ ಒಂದೊಂದಾಗಿ ಪರೀಕ್ಷಿಸಿದಳು. ಒಂದೂ ನಿಲ್ಲಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲ ಹೊಸ ಇಲಿಗಳಿಂದ ಶುರುಮಾಡಿದಳು. ಪ್ರತಿ ಬುಧವಾರ ಸಭೆಯಲ್ಲಿ ನಿಂತು, ನೆಲ, ಬರೀ ನೆಲ, ಎಂದು ಚಿತ್ರ ತೋರಿಸುತ್ತಿದ್ದಳು. ಕೊನೆಗೆ ತಾನಾಗಿ ಹನ್ನೊಂದನೆಯದೊಂದನ್ನು ಆರಿಸಿದಳು, ಎಕ್ಸ್ ಮೇಲಿನದಲ್ಲ, ಬೇರೆ ಕ್ರೋಮೋಸೋಮಿನ ಮೇಲೆ ಒಂಟಿಯಾಗಿ ನಿಂತದ್ದು; ಅದು ಎಷ್ಟು ಸಲ ಮಾಡಿದರೂ ಎದ್ದು ನಿಂತಿತು. ಅದು ನಮ್ಮ ಪ್ರಶ್ನೆಯಲ್ಲ, ಎಂದರು ಲೆನೋರ್. ಆ ಸಭೆಯ ಕೋಣೆಗೆ ಕಿಟಕಿ ಇಲ್ಲ. ಉದ್ದನೆಯ ಮೇಜು, ಹದಿಮೂರು ಜನ. ಲೆನೋರ್ ಕೆಟ್ಟವರಲ್ಲ, ದನಿ ತಗ್ಗಿಸಿ, ಎಲ್ಲರಿಗೂ ಕೇಳುವಂತೆಯೇ, ಹೇಳಿದರು. “ಪಾನ್ಯಾ, ಬೇಜಾರು ಮಾಡ್ಕೋಬೇಡ. ಕೆಲವರ ಕೈ ಈ ಕೆಲಸಕ್ಕೆ ಒಗ್ಗೋದಿಲ್ಲ. ಅದು ಅವರ ತಪ್ಪಲ್ಲ.” ಆಮೇಲೆ ಆರ್ಲನ್‌ನ ಕಡೆ ತಿರುಗಿ, ನಿನ್ನ ಕಡೆಯಿಂದ ಎಲ್ಲ ಸರಿ ಇದೆ ತಾನೆ ಎಂದು ಕೇಳಿದರು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, “ಶಿಖರಗಳೇನೋ ಇದ್ದಲ್ಲೇ ಇವೆ,” ಎಂದ. ಯಾರೋ ನಕ್ಕರು. ಅವನು ನಗಿಸಲೆಂದೇ ಹೇಳಿದ್ದ. ಪಾನ್ಯಾ ತನ್ನ ಕೈಗಳನ್ನು ಮೇಜಿನ ಮೇಲಿಂದ ತೆಗೆದು ಮಡಿಲಿನಲ್ಲಿಟ್ಟುಕೊಂಡಳು. ಆ ಕೈಗಳು ಮೇಜಿನ ಅಂಚಿನಿಂದ ಕೆಳಗೆ ಜಾರಿ ಮರೆಯಾದದ್ದನ್ನು ಅವನು ಈ ಆರು ವರ್ಷಗಳಲ್ಲಿ ಎಷ್ಟು ಸಲ ನೋಡಿದ್ದಾನೋ.

ಅಷ್ಟೇ ಆಗಿದ್ದರೆ ಅದು ಅಜ್ಞಾನ. ಅಜ್ಞಾನಕ್ಕೆ ಒಂದು ತಟ್ಟೆ ಬಾರ್ ಸಾಕು. ಮೂರು ವಾರದ ನಂತರ ಒಂದು ಮಂಗಳವಾರ, ಇನ್ನಾರಿಗೋ ಒಂದು ಮಾದರಿ ತೋರಿಸಲು ಅವನು ಅದೇ ಫೈಲನ್ನು ತೆರೆದ. ತೆರೆದಾಗ ದೂರವಾಣಿ ಬಂತು. ಮಾತಾಡುತ್ತ, ಕೆಲಸವಿಲ್ಲದ ಕಣ್ಣು ಪರದೆಯ ನೆತ್ತಿಯ ಮೇಲೆ ಅಲೆದಾಡಿತು. ಐದನೆಯ ಸಾಲು: ಪರೀಕ್ಷೆಯ ಫೈಲು, ಹೆಣ್ಣು ನಾಲ್ಕು. ಆರನೆಯ ಸಾಲು: ಕಂಟ್ರೋಲ್ ಫೈಲು, ಗಂಡು ನಾಲ್ಕು. ಅವನು ದೂರವಾಣಿಯಲ್ಲಿ ಹೂಂ ಹೂಂ ಎನ್ನುತ್ತಲೇ ಇದ್ದ. ಹೆಣ್ಣಿಲಿಗೆ ಎಕ್ಸ್ ಎರಡು, ಗಂಡಿಗೆ ಒಂದು. ಒಂದರ ನೆಲದ ಮೇಲೆ ಎರಡನ್ನು ಇಟ್ಟು ಅಳೆದರೆ ಎಕ್ಸ್ ಉದ್ದಕ್ಕೂ ಎಲ್ಲವೂ ಎರಡು ಪಟ್ಟು ಎದ್ದಂತೆ ಕಾಣುತ್ತದೆ. ಎರಡು, ಎರಡೂಕಾಲು, ಎರಡು. ಹೇಗಾಯಿತು ಎಂದು ಅವನಿಗೆ ಆ ಕ್ಷಣವೇ ತಿಳಿದಿತ್ತು, ತನ್ನ ಬೆರಳಿಗೇ ನೆನಪಿತ್ತು. ಗಂಡಿಲಿಗಳ ಲೆಕ್ಕ ಮುಗಿಸಿ, ಹೆಣ್ಣಿನದಕ್ಕೆ ಆಜ್ಞೆಯನ್ನು ಹೊಸದಾಗಿ ಬರೆಯುವ ಬದಲು, ಮೇಲ್ಮುಖ ಬಾಣದ ಕೀಲಿ ಒತ್ತಿ ಹಿಂದಿನ ಆಜ್ಞೆಯನ್ನೇ ಕರೆದು, ಒಂದು ಹೆಸರು ಬದಲಿಸಿ, ಇನ್ನೊಂದನ್ನು ಮರೆತು, ಎಂಟರ್ ಒತ್ತಿದ್ದ. ದಿನಕ್ಕೆ ನೂರು ಸಲ ಮಾಡುವ ಕೆಲಸ. ಪಾನ್ಯಾಳ ಬೆಂಚಿನ ಪರೀಕ್ಷೆಯಲ್ಲಿ ನೆಲ ಅವಳ ಇಲಿಯದೇ, ಹೆಣ್ಣಿನದೇ. ಅದಕ್ಕೆ ಅಲ್ಲಿ ಏನೂ ಎದ್ದು ನಿಲ್ಲಲಿಲ್ಲ. ಅವಳ ಕೈ ನಿಜ ಹೇಳುತ್ತಿತ್ತು.

ದೂರವಾಣಿ ಇಟ್ಟು ಅವನು ಫೈಲು ಮುಚ್ಚಿದ. ಸರಿಯಾದ ಕಂಟ್ರೋಲ್ ಇಟ್ಟು ಮತ್ತೆ ಓಡಿಸಲು ಇಪ್ಪತ್ತು ನಿಮಿಷ ಸಾಕಿತ್ತು. ಓಡಿಸಲಿಲ್ಲ. ಓಡಿಸದಿರುವ ತನಕ ಅದು ಬರೀ ಒಂದು ಸಾಲು, ಬಹುಶಃ ಹೆಸರು ಬರೆಯುವಾಗ ಆದ ತಪ್ಪು, ಬಹುಶಃ ಫಲಿತಾಂಶ ಹೆಚ್ಚೇನೂ ಬದಲಾಗುವುದಿಲ್ಲ. ನಾಳೆ ಓಡಿಸೋಣ. ಶುಕ್ರವಾರ ಓಡಿಸೋಣ. ಲೆನೋರ್ ಒಳ್ಳೆಯ ಮನಸ್ಥಿತಿಯಲ್ಲಿದ್ದಾಗ ಹೇಳೋಣ. ಪಾನ್ಯಾ ಡಾಕ್ಟರೇಟ್ ಬಿಟ್ಟು ಬರೀ ಮಾಸ್ಟರ್ಸ್ ತೆಗೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಹೋಗುವ ಮುನ್ನ, ಪದ್ಧತಿ ಮೀರಬಾರದೆಂದು, ಆ ಎಲ್ಲ ತಪ್ಪುಗಳಿಗೆಂದು, ಅವಳೇ ರೂಬಾರ್ಬ್ ಬಾರ್ ಮಾಡಿ ತಂದಳು, ದೊಡ್ಡ ಅಲ್ಯೂಮಿನಿಯಂ ತಟ್ಟೆಯಲ್ಲಿ. ಹತ್ತು ತಪ್ಪಿಗೆ ಒಂದೇ ತಟ್ಟೆಯಾ, ಇದು ಮೋಸ, ಎಂದು ಕ್ಲೆಮ್ ರೇಗಿಸಿದ. ಅವಳೂ ನಕ್ಕಳು. ಆರ್ಲನ್ ಎರಡು ತುಂಡು ತಿಂದ. ಒಂದು ತಿಂದು ನಿಲ್ಲಿಸಿದ್ದರೆ ಆಗುತ್ತಿತ್ತಲ್ಲ, ಎರಡನೆಯದು ಯಾಕೆ ಎಂಬುದು ಅವನಿಗೆ ಇಂದಿಗೂ ಬಿಡಿಸಲಾಗದ್ದು. ಅವಳೇ ತಟ್ಟೆಯನ್ನು ಅವನ ಮುಂದೆ ಮತ್ತೆ ಹಿಡಿದಿದ್ದಳು. ಮುಂದಿನ ವರ್ಷ ಲೆನೋರ್ ಅವರ ಊಹೆಯನ್ನು ಬೇರೆ ಯಾವುದೋ ಊರಿನವರು ತಪ್ಪೆಂದು ತೋರಿಸಿದರು, ವಿಷಯ ತಾನಾಗಿ ಸತ್ತಿತು, ಲೆನೋರ್ ಬೇರೆ ಪ್ರೋಟೀನು ಹಿಡಿದರು. ಯಾರೂ ಅವನನ್ನು ಏನೂ ಕೇಳಲಿಲ್ಲ.

ಈಗ ಅವನು ತೆರೆದ ಫೋಲ್ಡರಿನ ಮುಂದೆ ಕೂತು, ಬಾಣದ ಕೀಲಿ ಒತ್ತದೆ, ಪ್ರತಿ ಅಕ್ಷರವನ್ನೂ ಬೆರಳಿನಿಂದ ಒತ್ತಿ, ಆಜ್ಞೆ ಬರೆದ. ಪರೀಕ್ಷೆ, ಹೆಣ್ಣು ನಾಲ್ಕು. ಕಂಟ್ರೋಲ್, ಹೆಣ್ಣು ನಾಲ್ಕು. ಕಾಯುವಾಗ ಮಾಡಲು ಬೇರೆ ಏನೂ ಇರಲಿಲ್ಲ. ಪರದೆಯ ಮೇಲೆ ಸಾಲುಗಳು ನಿಧಾನ ಇಳಿದವು. ಹತ್ತು ವರ್ಷದ ಹಿಂದಿನ ಯಾವುದೋ ಚಳಿಗಾಲ ನೆನಪಾಯಿತು, ಕಾರು ಹಿಮದಲ್ಲಿ ಹೂತು ತಂದೆ ಗುದ್ದಲಿಯಿಂದ ಅಗೆಯುತ್ತಿದ್ದಾಗ ತಾನು ಒಳಗೆ ಹೀಟರಿನ ಮುಂದೆ ಕೂತು ಕಿಟಕಿಯಿಂದ ನೋಡಿದ್ದು. ಆಗ ತನಗೆ ವಯಸ್ಸು ಮೂವತ್ತಾರು. ಎಕ್ಸ್ ಮೇಲೆ ಈಗ ಉಳಿದ ಶಿಖರಗಳು ಒಂಬತ್ತು. ಎಂಟು ಸಾವಿರ ಬೆಟ್ಟಗಳು ಇರಲೇ ಇಲ್ಲ. ಬಾಕಿ ಕ್ರೋಮೋಸೋಮುಗಳ ಮೇಲೆ ಮುನ್ನೂರು ಚಿಲ್ಲರೆ. ಎತ್ತರದ ಕ್ರಮದಲ್ಲಿ ಜೋಡಿಸಿದಾಗ ಎಲ್ಲಕ್ಕಿಂತ ಮೇಲೆ ನಿಂತದ್ದು ಒಂದು ಪರಿಚಿತ ವಿಳಾಸ. ಹನ್ನೊಂದನೆಯದು, ಪಾನ್ಯಾ ತಾನಾಗಿ ಆರಿಸಿದ್ದು. ನಾಲ್ಕು ವರ್ಷ ದುಡಿದು ಡಾಕ್ಟರೇಟ್ ಪಡೆಯಲು ಅಷ್ಟು ಸಾಕಿತ್ತು; ಅವಳು ಅದನ್ನು ಹುಡುಕಿಯೂ ಆಗಿತ್ತು.

ಅವನು ಹಳೆಯ ಫೈಲಿನ ಮೊದಲ ಪುಟವನ್ನು ಅಚ್ಚು ಹಾಕಿದ. ಫೋಲ್ಡರಿನ ಮುಂದೆ ಉಳಿಸುವ ಗುರುತು ಹಾಕಿದ. ಆಮೇಲೆ ಕಾಫಿ ಕೋಣೆಗೆ ಹೋಗಿ ಕಪಾಟಿನ ಕೆಳಗಿನ ಅರೆಯಿಂದ ಅಲ್ಯೂಮಿನಿಯಂ ತಟ್ಟೆ ಎಳೆದ. ಅದು ಆರು ವರ್ಷಗಳಿಂದ ಇಲ್ಲೇ ಇತ್ತು, ಎಲ್ಲರೂ ಬಳಸುತ್ತಿದ್ದರು. ಊಟಕ್ಕೆ ಕರೆದ ಕಡೆ ತಟ್ಟೆ ಅದಲುಬದಲಾಗದಿರಲೆಂದು ಈ ಕಡೆಯ ಹೆಂಗಸರೆಲ್ಲ ಮಾಡುವಂತೆ ತಳಕ್ಕೆ ಬಿಳಿ ಅಂಟುಪಟ್ಟಿ, ಅದರ ಮೇಲೆ ಮಸಿಯಲ್ಲಿ ಲೋರ್ ಎಂದು ಬರೆದಿತ್ತು. ತೊಳೆದು ತೊಳೆದು ಮಾಸಿತ್ತು, ಓದಬಹುದಿತ್ತು.

ಕಟ್ಟಡದ ಮುಂಬಾಗಿಲಿನಿಂದ ಹೊರಬಿದ್ದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಸಂತೆ ಅವನು ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕಿಂತ ಚಿಕ್ಕದು. ಹದಿನೈದು ಮೇಜು, ಊಟದ ಬಿಡುವಿಗೆ ಬಂದ ಆಫೀಸಿನವರು, ಗಿಟಾರ್ ಶ್ರುತಿ ಮಾಡುತ್ತಿರುವ ಒಬ್ಬ ಮುದುಕ. ಎಡದಿಂದ ನಾಲ್ಕನೆಯ ಮೇಜಿನ ಮುಂದೆ ನಾಲ್ಕು ಜನರ ಸಾಲಿತ್ತು. ಅವನೂ ನಿಂತ, ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು. ಸಾಲು ಕರಗಿದಾಗ ಎದುರಿಗಿದ್ದದ್ದು ತಾಯಿ. ಆಕೆಗೆ ಅವನ ಗುರುತು ಸಿಕ್ಕಿತು. ಒಮ್ಮೆ ಮಾತ್ರ ಪ್ರಯೋಗಾಲಯಕ್ಕೆ ಬಂದಿದ್ದಳು. ಮಗಳ ಕಡೆ ತಿರುಗಿ ತಮ್ಮ ಮನೆಮಾತಾದ ಮೊಂಗ್ ಭಾಷೆಯಲ್ಲಿ ಏನೋ ಹೇಳಿ, ಇವನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

“ಅಮ್ಮ ಹೇಳ್ತಿದ್ದಾರೆ, ಕಂಪ್ಯೂಟರ್ ಮೇಷ್ಟ್ರು ಅಂತ. ನೀವು ನಂಗೆ ಕೂರಿಸಿಕೊಂಡು ಪಾಠ ಮಾಡ್ತಿದ್ರಿ ಅಂತ ನಾನೇ ಹೇಳಿದ್ದೆ,” ಎಂದಳು ಪಾನ್ಯಾ. ಕನ್ನಡಕ ಬದಲಾಗಿತ್ತು. ಉಗುರಂಚಿನ ಹಸಿರು ಹಾಗೇ ಇತ್ತು.

ಅವನು ತಟ್ಟೆಯ ಜೊತೆ ಹಿಡಿದಿದ್ದ ಅಚ್ಚಿನ ಕಾಗದವನ್ನು ಅವಳ ಕಡೆ ತಿರುಗಿಸಿದ. ಸುರಂಗದಲ್ಲಿ ಆರು ವರ್ಷ ಕಟ್ಟಿ ಒಡೆದು ಕಟ್ಟಿದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಆರನೆಯ ಸಾಲು, ಎಂದಷ್ಟೇ ಹೇಳಿದ. ಅವಳು ಕಾಗದ ಮುಟ್ಟಲಿಲ್ಲ, ಬಗ್ಗಿಯೂ ನೋಡಲಿಲ್ಲ. ಒಬ್ಬ ಗಿರಾಕಿಗೆ ಸಬ್ಬಸಿಗೆ ಕಟ್ಟು ಕೊಟ್ಟು, ಬಂದು ನಿಂತಳು.

“ಗಂಡು ನಾಲ್ಕು,” ಎಂದಳು. “ನಾನು ನಿಮಗೆ ಬೆರಳಿಟ್ಟು ತೋರಿಸಿದ್ದೆ ಆರ್ಲನ್.”

ಅವನಿಗೆ ಆ ಮಧ್ಯಾಹ್ನ ಇಡಿಯಾಗಿ ಮತ್ತೆ ಕಂಡಿತು, ಈ ಸಲ ಅವಳ ಕಡೆಯಿಂದ. ತಾನು ಕುರ್ಚಿಯಲ್ಲಿ ತಿರುಗಿ ಕೂತು ಕೈಯಾಡಿಸುತ್ತ ಟಿಪ್ಪಣಿ ಎಂದರೇನು ಎಂದು ಹೇಳುತ್ತಿರುವುದು, ಅವಳ ಬೆರಳು ಪರದೆಯ ಮೇಲೆ ಆ ಒಂದೇ ಜಾಗದಲ್ಲಿ ನಿಂತಿರುವುದು, ಹಸಿರು ಉಗುರಿನ ಕೆಳಗೇ ಆ ಎರಡು ಶಬ್ದ. ಅರ್ಧ ಗಂಟೆ. ಗೊತ್ತಿತ್ತಾ ನಿನಗೆ, ಯಾಕೆ ಬಾಯಿಬಿಟ್ಟು ಹೇಳಲಿಲ್ಲ ಎಂದು ಅವನು ಕೇಳಿದ; ಕೇಳುವಾಗಲೇ ತನ್ನ ದನಿಯಲ್ಲಿ ದೂರಿನ ಎಳೆಯೊಂದು ಸೇರಿಕೊಂಡದ್ದು ಕೇಳಿಸಿ ನಾಚಿದ.

“ನೀವು ಅಷ್ಟು ಖುಷಿಯಿಂದ ಹೇಳಿಕೊಡ್ತಾ ಇದ್ರಿ. ಮೇಷ್ಟ್ರಿಗೆ ತಪ್ಪು ಅಂತ ಮುಖಕ್ಕೆ ಹೇಳೋದು ನಮ್ಮನೇಲಿ ಕಲಿಸಿಲ್ಲ. ತೋರಿಸಿದೀನಿ, ಅವರೇ ನೋಡ್ಕೋತಾರೆ, ಅವರೇ ಹೇಳ್ತಾರೆ ಅಂತ ಕಾದೆ.” ಅವಳ ದನಿ ಏರಲಿಲ್ಲ. ಸೌತೆಕಾಯಿಗಳನ್ನು ಒಂದೇ ಕಡೆ ಮುಖ ಮಾಡಿ ಜೋಡಿಸುತ್ತಿದ್ದಳು. “ಆಮೇಲೆ ಲೆನೋರ್ ಕೈ ವಿಷಯ ಹೇಳಿದ್ರಲ್ಲ, ಅದಾದ್ಮೇಲೆ ನಾನು ಏನು ಹೇಳಿದ್ರೂ, ಕೈ ಸರಿಯಿಲ್ಲದವಳು ತಪ್ಪನ್ನ ಕಂಪ್ಯೂಟರಿನ ಮೇಲೆ ಹಾಕ್ತಾಳೆ ಅಂತ ಆಗ್ತಿತ್ತು. ನೀವು ನೋಡಿದ ದಿನಾನೂ ನಂಗೆ ಗೊತ್ತು. ಅವತ್ತಿಂದ ನೀವು ಲಿಫ್ಟಿನಲ್ಲಿ ನನ್ನ ಮುಖ ನೋಡೋದು ಬಿಟ್ಟು ಮೇಲೆ ಅಂಕಿ ನೋಡೋಕೆ ಶುರು ಮಾಡಿದ್ರಿ.”

ಗಿಟಾರಿನವನು ಕೊನೆಗೂ ಹಾಡು ಶುರುಮಾಡಿದ್ದ. ಹನ್ನೊಂದನೆಯದು ಎಲ್ಲಕ್ಕಿಂತ ಮೇಲೆ ಬಂದಿದೆ, ಇವತ್ತು ಬೆಳಿಗ್ಗೆ ಓಡಿಸಿದೆ, ಎಂದ ಆರ್ಲನ್. ಅದು ಅವಳಿಗೆ ತಂದ ಉಡುಗೊರೆಯೆಂಬಂತೆ ಹೇಳಿಬಿಟ್ಟಿದ್ದ. ಅವಳ ಕೈ ಸೌತೆಕಾಯಿಗಳ ಮೇಲೆ ನಿಂತಿತು. ಇವತ್ತು ಬೆಳಿಗ್ಗೆ, ಎಂದು ತನಗೇ ಎಂಬಂತೆ ಹೇಳಿಕೊಂಡಳು. ಅವನು ಏನಾದರೂ ಮಾತು ಬೇಕೆಂದು ಅವಳ ಈಗಿನ ಕೆಲಸದ ಬಗ್ಗೆ ಕೇಳಿದ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆಂದು ಅವನಿಗೆ ಗೊತ್ತಿತ್ತು. ಸುಖವಾಗಿದ್ದೇನೆ ಎಂದು ಅವಳು ಒಂದು ಮಾತು ಹೇಳಲಿ ಎಂದು ಅವನ ಮೈಯೆಲ್ಲ ಕಾಯುತ್ತಿತ್ತು. ಅವಳಿಗೆ ಅದು ತಿಳಿಯಿತು.

“ಮಕ್ಕಳಿಗೆ ಪಾಠ ಮಾಡೋದು ನಂಗೆ ಇಷ್ಟ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ,” ಎಂದಳು. ಸ್ವಲ್ಪ ಬಿಟ್ಟು, “ಲೆನೋರ್‌ಗೆ ಹೇಳಿದ್ರಾ?”

ಇಲ್ಲ. ಮೊದಲು ನಿನ್ನ ಹತ್ತಿರ ಬರೋಣ ಅಂತ, ಎಂದ ಅವನು.

“ನಂಗೆ ಗೊತ್ತಿದ್ದಿದ್ದನ್ನ ನಂಗೇ ಬಂದು ಹೇಳ್ತಿದ್ದೀರಿ. ಆ ರೂಮಲ್ಲಿ ಹೇಳಿ. ಅವತ್ತು ಎಲ್ಲಿ ಕೂತು ಹೇಳಿದ್ರೋ ಅಲ್ಲೇ ಕೂತು.”

ಅವನು ತಟ್ಟೆಯನ್ನು ಮುಂದಕ್ಕೆ ಚಾಚಿದ, ಇದು ನಿಮ್ಮದು, ಎಂದ. ಅವಳು ತೆಗೆದುಕೊಳ್ಳುವ ಮುನ್ನ ತಾಯಿ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಮುಖ ಸಿಂಡರಿಸಿ, ಮಗಳಿಗೆ ಏನೋ ಗದರಿದಳು. ತಟ್ಟೆ ಇಸ್ಕೊಂಡು ಬರಿಗೈಲಿ ಹೇಗೆ ಕಳಿಸೋದು ಅಂತಾರೆ, ಎಂದಳು ಪಾನ್ಯಾ, ಮತ್ತು ತುಟಿಯ ಒಂದು ಕೊನೆಯಲ್ಲಿ ನಕ್ಕಳು, ಅವನಿಗಾಗಿ ಅಲ್ಲ. ತಾಯಿ ಮೇಜಿನ ಕೆಳಗಿನ ಡಬ್ಬಿಯಿಂದ ಬಾಳೆಯೆಲೆಯಲ್ಲಿ ಮಡಿಸಿದ ನೇರಳೆ ಬಣ್ಣದ ಅಂಟನ್ನದ ಪೊಟ್ಟಣಗಳನ್ನು ತೆಗೆದು ತಟ್ಟೆಯಲ್ಲಿ ಸಾಲಾಗಿ ಇಡತೊಡಗಿದಳು, ತುಂಬುವ ತನಕ. ಅವನು ಬೇಡ ಬೇಡ ಎನ್ನುತ್ತಿದ್ದ. ಲ್ಯಾಬಿನವರಿಗಂತೆ, ಎಂದಳು ಪಾನ್ಯಾ, ತಗೊಂಡು ಹೋಗಿ. ಮೇಷ್ಟ್ರು ಚೆನ್ನಾಗಿ ಕಲಿಸಿದ್ದಕ್ಕಂತೆ. ಉಳಿದದ್ದನ್ನ ನಾನು ಅಮ್ಮನಿಗೆ ಹೇಳಿಲ್ಲ.

ಮೂರು ಗಂಟೆಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಅವನು ಆವತ್ತಿನ ಕುರ್ಚಿಯಲ್ಲೇ ಕೂತಿದ್ದ. ಅದು ಯಾವುದೆಂದು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ತಟ್ಟೆ ಮೇಜಿನ ನಡುವೆ. ಹನ್ನೊಂದು ಜನರಲ್ಲಿ ಅವನ ಹೊರತು ಆ ದಿನದವರು ಲೆನೋರ್ ಮತ್ತು ಕ್ಲೆಮ್ ಇಬ್ಬರೇ. ಉಳಿದವರು ಪಾನ್ಯಾ ಎಂಬ ಹೆಸರನ್ನೇ ಕೇಳದವರು. ಈ ವಾರ ಯಾರದಪ್ಪಾ ತಪ್ಪು ಎಂದು ಕ್ಲೆಮ್ ಪೆನ್ನು ತೆಗೆದ. ನನ್ನದು, ಎಂದ ಆರ್ಲನ್. ಕ್ಲೆಮ್ ಮೇಜು ಬಡಿದು ನಕ್ಕ. ಹನ್ನೊಂದು ವರ್ಷಕ್ಕೆ ಸಿಕ್ಕಿಬಿದ್ದೆಯಲ್ಲೋ ಎಂದ. ಕೈಗಳು ಚಾಚಿದವು, ಎಲೆ ಬಿಚ್ಚಿದ ವಾಸನೆ ಕೋಣೆ ತುಂಬಿತು, ಯಾರೋ ಇದು ಬಾರಿಗಿಂತ ರುಚಿಯಾಗಿದೆ ಎಂದರು. ಆರ್ಲನ್ ಒಂದನ್ನೂ ಮುಟ್ಟಲಿಲ್ಲ. ಪರದೆಯ ಮೇಲೆ ಹಳೆಯ ಫೈಲನ್ನು ತೆರೆದು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಲು ಶುರುಮಾಡಿದ. ಪ್ರೋಗ್ರಾಮಿನ ಹೆಸರು, ಅದರ ಆವೃತ್ತಿ. ಎರಡನೆಯ ಸಾಲು. ಹೊಸಬಳೊಬ್ಬಳು ಪಕ್ಕದವನ ಮುಖ ನೋಡಿದಳು. “ಅವೆಲ್ಲ ಹಾರಿಸು ಆರ್ಲನ್, ಚಿತ್ರಕ್ಕೆ ಹೋಗು,” ಎಂದರು ಲೆನೋರ್, ಪ್ರೀತಿಯಿಂದಲೇ. ಅವನು ಹಾರಿಸಲಿಲ್ಲ. ಮೂರು. ನಾಲ್ಕು. ಐದನೆಯ ಸಾಲನ್ನೂ ಓದಿದ. ಅವನು ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟ.

ಆರನೆಯದನ್ನು ಓದಿ ಮುಗಿಸಿದ. ಹೊಸಬರಿಗೆ ಇನ್ನೂ ಅರ್ಥವಾಗಿರಲಿಲ್ಲ. ಅವರು ಅಗಿಯುವುದನ್ನು ಮಾತ್ರ ನಿಲ್ಲಿಸಿದ್ದರು. ಲೆನೋರ್‌ಗೆ ಅರ್ಥವಾಗಿತ್ತು. ಅವರ ಕೈ, ಏನು ಹುಡುಕುತ್ತಿದೆಯೆಂದು ತನಗೇ ತಿಳಿಯದಂತೆ, ಮೇಜಿನ ನಡುವಿನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡಿತು. ಅದು ಖಾಲಿಯಾಗಿತ್ತು. ಅವರು ಅದನ್ನು ಎರಡೂ ಕೈಗಳಿಂದ ಎತ್ತಿ, ನಿಧಾನವಾಗಿ, ಬಿಳಿ ಅಂಟುಪಟ್ಟಿಯಿದ್ದ ತಳ ಮೇಲಾಗಿ ತಿರುಗಿಸಿದರು.